ಗಾಜಿನ ಕೋಣೆಯಲ್ಲಿ ಹೇಳಿದ ಹೆಸರು

ಢೋಕ್ ಬೇರಿ, ಗುಜರ್ ಖಾನ್
೧೧ ಮಾರ್ಚ್ ೧೯೭೭

ಮಗನೇ ರಫಾಕತ್,

ಅಲ್ಲಾಹನು ನಿನ್ನನ್ನು ಆ ಹಿಮದಲ್ಲಿ ಬೆಚ್ಚಗಿಟ್ಟಿರಲಿ. ನಿನ್ನ ಅಬ್ಬಾ ಸಬಾತನ ಮಂಡಿನೋವು, ಎಮ್ಮೆ ಹಾಕಿದ ಹೆಣ್ಣುಕರು, ಇವನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಮೊದಲು ನಿನ್ನ ಹೆಂಡತಿಯ ಸುದ್ದಿ. ಮುಸರ್ರತಳಿಗೆ ವೀಸಾ ಕೊಡಲಿಲ್ಲ.

ಬೈಯಬೇಡ. ಮೊದಲು ನಾನು ಬೈದು ಮುಗಿಸುತ್ತೇನೆ. ಆಮೇಲೆ ಏನಾದರೂ ಉಳಿದಿದ್ದರೆ ನೀನು ಬೈ.

ಹೋದ ತಿಂಗಳು ಬೆಳಗಿನ ರೈಲಿಗೆ ಪಿಂಡಿಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಇಸ್ಲಾಮಾಬಾದಿನಲ್ಲಿ ಇಳಿದೆವು. ಅದೇನು ಊರೋ! ಮದುವೆ ಊಟಕ್ಕೆ ದಸ್ತರಖಾನ್ ಹಾಸಿಟ್ಟ ಹಾಗೆ ರಸ್ತೆಗಳು, ಉಣ್ಣುವ ಜನ ಮಾತ್ರ ಇನ್ನೂ ಬಂದಿಲ್ಲ. ನಾರ್ವೆಯವರ ಕಚೇರಿಯಲ್ಲಿ ನನ್ನನ್ನು ಹೊರಕೋಣೆಯಲ್ಲಿ ಕೂರಿಸಿ ಅವಳನ್ನು ಒಳಗೆ ಕರೆದರು. ಗೋಡೆಯ ಮೇಲೊಂದು ಚಿತ್ರವಿತ್ತು. ನೀರಿನೊಳಗಿಂದ ನೇರ ಎದ್ದು ನಿಂತ ಬೆಟ್ಟ, ತಲೆಯ ಮೇಲೆ ಹಿಮ, ಬುಡದಲ್ಲಿ ಸಾಸಿವೆ ಕಾಳಿನಷ್ಟು ದೋಣಿ. ನೋಡುತ್ತ ನೋಡುತ್ತ ನನ್ನ ಕೈಯ ಜಪಮಣಿ ನಿಂತೇ ಹೋಯಿತು. ನಿಜ ಹೇಳು, ಇಂಥ ಬೆಟ್ಟದ ಕೆಳಗೆ ಕೂತು ನೀನು ರೊಟ್ಟಿ ತಿನ್ನುತ್ತೀಯಾ? ನನಗಾದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಲೋಟ ಚಹಾ ಆರುವಷ್ಟರಲ್ಲಿ ಅವಳು ಹೊರಗೆ ಬಂದಳು. ರೈಲಿನಲ್ಲಿ ಕೂತ ಮೇಲೆ ಬಾಯಿ ಬಿಡಿಸಿದೆ.

"ಏನ್ ಕೇಳಿದ್ರೇ?"

"ಗಂಡನ ಹೆಸರೇನು ಅಂದ್ರು."

"ನೀನೇನಂದೆ?"

"ದುಪಟ್ಟಾ ಎಳ್ಕೊಂಡು ತಲೆ ಬಗ್ಗಿಸ್ದೆ, ಬೇಬೆ. ದುಭಾಷಿ ಮೇಡಂ ಮತ್ತೆ ಕೇಳಿದ್ರು. 'ಅವರೇ' ಅಂದೆ. 'ಅವರು ಅಂದ್ರೆ ಯಾರಮ್ಮ' ಅಂದ್ರು. 'ಬೇಬೆಯ ಮೊಮ್ಮಗ' ಅಂದೆ. 'ಬೇಬೆ ಯಾರು' ಅಂದ್ರು. 'ಹೊರಗೆ ಕೂತಿದಾರಲ್ಲ, ಕೆಂಪು ಗಾಜಿನ ಬಳೆಯವರು' ಅಂದೆ."

ಹೀಗೆ ನಿನ್ನ ಬದಲು ನನ್ನ ಬಳೆ ತೋರಿಸಿ ಬಂದಿದ್ದಾಳೆ ಮಹರಾಯ್ತಿ.

ನಿನ್ನೆ ಟಪಾಲಿನಲ್ಲಿ ಇಂಗ್ಲಿಷ್ ಕಾಗದ ಬಂತು. ಶಾಲೆಯ ಮಾಸ್ತರರು ಓದಿ ಹೇಳಿದರು: ಈ ಹೆಂಗಸಿಗೆ ತನ್ನ ಗಂಡನ ಹೆಸರೇ ತಿಳಿದಿಲ್ಲ, ಆದ್ದರಿಂದ ಇದು ನಿಜವಾದ ಮದುವೆ ಎಂದು ನಂಬಲಾಗದು. ನಂಬಲಾಗದಂತೆ! ಇಡೀ ಢೋಕ್, ಊರಿಗೆ ಊರೇ, ನಿನ್ನ ಮದುವೆಯ ಪುಲಾವ್ ತಿಂದು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗಿತ್ತು, ಆ ಹೊಟ್ಟೆಗಳನ್ನು ಕೇಳಲಿ. ನಮ್ಮಲ್ಲಿ ಗಂಡನ ಹೆಸರೆತ್ತದವಳು ಒಳ್ಳೆಯ ಮನೆಯ ಹೆಣ್ಣು. ಅವರಲ್ಲಿ ಹೆಸರೆತ್ತದವಳು ಮೋಸಗಾತಿ. ಅದೇ ಹುಡುಗಿ, ಅದೇ ಮೌನ. ಗೋಡೆಯ ಈಚೆಗೆ ಮರ್ಯಾದೆ, ಆಚೆಗೆ ಸುಳ್ಳು. ಯೋಚಿಸಿದಷ್ಟೂ ನನಗೆ ಸಿಟ್ಟಿಗಿಂತ ಬೆರಗೇ ಹೆಚ್ಚಾಗುತ್ತಿದೆ.

ಹುಡುಗಿ ಊಟ ಬಿಟ್ಟಿದ್ದಾಳೆ. ಒಲೆಯ ಹೊಗೆಯಿಂದ ಕಣ್ಣು ಕೆಂಪಾಗಿದೆ ಅನ್ನುತ್ತಾಳೆ. ಇವತ್ತು ಒಲೆ ಹಚ್ಚಿದ್ದು ನಾನು.

ನಿನ್ನ ಬೇಬೆ,
ಸಬಾತನ ತಾಯಿ ರೇಷಮ್ ಜಾನ್


ಓಸ್ಲೊ
೨ ಏಪ್ರಿಲ್ ೧೯೭೭

ಪ್ರೀತಿಯ ಬೇಬೆಗೆ ಸಲಾಮ್.

ಕಾಗದ ತಲುಪಿತು. ಇಲ್ಲಿ ಒಬ್ಬ ವಕೀಲರನ್ನು ಹಿಡಿದು ಮೇಲ್ಮನವಿ ಹಾಕಿಸಿದ್ದೇನೆ. ಮುಸರ್ರತಳನ್ನು ಮತ್ತೊಮ್ಮೆ ಕರೆಯುತ್ತಾರಂತೆ. ಇದೇ ಕೊನೆಯದು, ಈ ಸಲವೂ ಹೇಳದಿದ್ದರೆ ಬಾಗಿಲು ಮುಚ್ಚಿದಂತೆ ಎಂದು ವಕೀಲರು ಕೈ ಮಡಚಿ ತೋರಿಸಿದರು. ಹೊಸಬರನ್ನು ಕೆಲಸಕ್ಕೆ ಕರೆಯುವುದನ್ನು ಇವರು ಆಗಲೇ ನಿಲ್ಲಿಸಿದ್ದಾರೆ. ಇನ್ನು ಬರುವವರು ಹೆಂಡತಿ ಮಕ್ಕಳು ಮಾತ್ರ, ಅವರನ್ನೂ ಜರಡಿ ಹಿಡಿದು ಬಿಡುತ್ತಾರೆ.

ಬೇಬೆ, ಕೇಳುತ್ತಿರುವುದು ಒಂದೇ ಮಾತು. ಇಲ್ಲಿ ಹೆಂಗಸರು ರಸ್ತೆಯ ಆಚೆ ಬದಿಯಿಂದ ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆ, ಅವನು ಚೀಲ ಹೊತ್ತು ಓಡಿ ಬರುತ್ತಾನೆ. ಕೂಗಿದ್ದಕ್ಕೆ ಯಾರೂ ಸತ್ತಿಲ್ಲ. ಅವಳಿಗೆ ನೀವೇ ಕಲಿಸಬೇಕು. ನೀವಾದರೂ ತಾತನ ಹೆಸರನ್ನು ಎಂದಾದರೂ ಹೇಳಿದ್ದೀರಾ? ಅಬ್ಬಾನ ಗುರುತಿನ ಚೀಟಿಯಲ್ಲಿ ಓದಿದ ಮೇಲೆಯೇ ನನಗದು ಗೊತ್ತಾಗಿದ್ದು.

ನಾವೀಗ ಕಟ್ಟುತ್ತಿರುವ ಹಡಗು ನಮ್ಮ ಢೋಕಿಗಿಂತ ದೊಡ್ಡದು. ಮಸೀದಿ, ಬೇರಿಮರ, ಮೇಲಿನ ಕೇರಿ ಎಲ್ಲ ಅದರ ಹೊಟ್ಟೆಯಲ್ಲಿ ಹಿಡಿಸುತ್ತವೆ. ಅದರ ಪಕ್ಕೆಗೆ ಹಗ್ಗದಲ್ಲಿ ತೂಗಿಕೊಂಡು ನಾನು ಕಬ್ಬಿಣಕ್ಕೆ ಬೆಸುಗೆ ಹಾಕುತ್ತೇನೆ.

ನಿಮ್ಮ ರಫಾಕತ್


ಢೋಕ್ ಬೇರಿ
೨೮ ಏಪ್ರಿಲ್ ೧೯೭೭

ಮಗನೇ,

ಹಗ್ಗದ ವಿಷಯ ಬರೆಯದೆ ಇರಬೇಕಾಗಿತ್ತು. ನಿನ್ನ ಕಾಗದವನ್ನು ಅವಳ ಮುಂದೆಯೇ ಗಟ್ಟಿಯಾಗಿ ಓದಿಬಿಟ್ಟೆ. ಈಗ ನೀನು ಗಾಳಿಯಲ್ಲಿ ತೂಗುತ್ತಿರುವುದು ಬಿಟ್ಟು ಬೇರೇನೂ ಅವಳ ಕಣ್ಣಿಗೆ ಕಾಣುತ್ತಿಲ್ಲ.

ಕಲಿಸಿದೆನಪ್ಪ, ಕಲಿಸದೆ ಬಿಟ್ಟೆನೇ? ಮೊದಲ ದಿನ ಎಮ್ಮೆಯ ಮುಂದೆ ನಿಲ್ಲಿಸಿ, "ಇದೇ ಗೋರಾ ಸಾಹೇಬ, ಹೇಳು" ಅಂದೆ. ಎಮ್ಮೆ ಅವಳ ಮುಖ ನೋಡಿತು, ಅವಳು ಎಮ್ಮೆಯ ಮುಖ ನೋಡಿದಳು. ಕೊನೆಗೆ ಎಮ್ಮೆಯೇ ಏನೋ ಹೇಳಿತು. ಇನ್ನೊಂದು ದಿನ ಬಾವಿಯೊಳಗೆ ಬಗ್ಗಿ ಹೇಳು ಅಂದೆ. ಬಗ್ಗಿದಳು, ತುಟಿ ಅಲ್ಲಾಡಿತು, ಆಮೇಲೆ ಹಗ್ಗ ಕೈಬಿಟ್ಟು ಬಕೆಟ್ಟನ್ನೂ ಕಳೆದಳು.

ನಾನು ರೇಗಿದೆ. "ನಾಚಿಕೆಗೂ ಒಂದು ಮಿತಿ ಬೇಡ್ವೇನೇ?"

"ನಾಚಿಕೆ ಅಲ್ಲ, ಬೇಬೆ," ಅಂದಳು. "ನಾನು ನೋಡಿದೀನಿ."

ಏನು ನೋಡಿದ್ದಾಳೆಂದು ಊರಿಗೆಲ್ಲ ಗೊತ್ತು, ನಿನಗೂ ಗೊತ್ತು. ಆದರೆ ಅವಳ ಬಾಯಿಂದ ಅದನ್ನು ಕೇಳಿದ್ದು ನಾನು ಅಂದೇ. ಸೋಹಾನ್ ಹೊಳೆ ಉಕ್ಕಿದ ದಿನ ಅವಳಪ್ಪ ಕರುವನ್ನು ಹೆಗಲ ಮೇಲೆ ಹೊತ್ತು ದಾಟುತ್ತಿದ್ದ. ದಡದಲ್ಲಿ ಅವಳಮ್ಮ ಇವಳ ಕೈ ಹಿಡಿದು ನಿಂತಿದ್ದಳು. ಮೇಲಿನಿಂದ ಮರದ ದಿಮ್ಮಿ ತೇಲಿ ಬರುವುದನ್ನು ಕಂಡು, ಜೀವನದಲ್ಲೇ ಮೊದಲ ಸಲ, ಅವನ ಹೆಸರು ಹಿಡಿದು ಕಿರುಚಿದಳು. ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿ ಅವನಿಗೆ ಆಶ್ಚರ್ಯವಾಗಿರಬೇಕು. ತಿರುಗಿ ನೋಡಿದ. ನೋಡಿದ್ದಷ್ಟೇ.

"ನಕ್ಕಿದ್ರು, ಬೇಬೆ. ತಿರುಗಿದಾಗ ಅಬ್ಬಾ ನಕ್ಕಿದ್ರು," ಅಂದಳು ಹುಡುಗಿ.

ಇಂಥವಳಿಗೆ ಏನೆಂದು ಕಲಿಸಲಿ? ನಿನ್ನ ವಕೀಲನನ್ನು ಕೇಳಿ ಬರೆ.

ಇನ್ನು ನಿನ್ನ ತಾತನ ಮಾತು. ಅವರ ವಿಷಯ ಬೇರೆ. ಅವರು ಹಡಗಿನಲ್ಲಿದ್ದಾರೆ. ದೊಡ್ಡ ಯುದ್ಧದ ಕಾಲದಲ್ಲಿ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಹೋದವರು, ನಿನ್ನ ಅಬ್ಬಾ ಆಗ ನನ್ನ ಹೊಟ್ಟೆಯಲ್ಲಿದ್ದ. ಹಡಗಿನ ಸುದ್ದಿ ಬರಲಿಲ್ಲ ಅಂದ ಮಾತ್ರಕ್ಕೆ ಬಳೆ ಒಡೆಯಲು ಬಂದ ನನ್ನ ನಾದಿನಿಗೆ ಸೌಟಿನಲ್ಲಿ ಕೊಟ್ಟಿದ್ದು ನಿನಗೂ ಗೊತ್ತಲ್ಲ. ಅದಾದ ಮೇಲೆ ಯಾರೂ ಬಂದಿಲ್ಲ. ಬದುಕಿರುವ ಗಂಡನ ಹೆಸರನ್ನು ಯಾರಾದರೂ ಹೇಳುತ್ತಾರೆಯೇ?

ಈ ಮಾತು ಇಲ್ಲಿಗೆ ಸಾಕು.

ನಿನ್ನ ಬೇಬೆ,
ಸಬಾತನ ತಾಯಿ ರೇಷಮ್ ಜಾನ್


ಢೋಕ್ ಬೇರಿ
೯ ಜೂನ್ ೧೯೭೭

ಮಗನೇ ರಫಾಕತ್,

ಹೋಗಿ ಬಂದೆವು. ಅಕ್ಷರ ಸೊಟ್ಟಗಾದರೆ ಹಾಗೇ ಓದಿಕೋ.

ಬಾಗಿಲಲ್ಲೇ ಜಗಳ. ಕಾವಲಿನವನು ಕೈ ಅಡ್ಡ ಇಟ್ಟ. "ಮಾಯೀ, ಕರೆದಿರೋದು ಒಬ್ಬಳನ್ನೇ."

"ಹೋದ ಸಲ ಒಬ್ಬಳೇ ಹೋಗಿ ಏನು ಗುಡ್ಡೆ ಹಾಕಿದಳು? ನಾನು ಅವಳ ನಾಲಿಗೆ ಕಣಪ್ಪ. ನಾಲಿಗೆನ ಹೊರಗೆ ಕೂರಿಸಿ ಬಾಯನ್ನ ಮಾತ್ರ ಒಳಗೆ ಬಿಡ್ತೀಯಾ?"

ಅವನು ನಕ್ಕ. ನಕ್ಕವನು ಕೈ ತೆಗೆಯಲೇಬೇಕಲ್ಲ. ಒಳಗಿಂದಲೂ ಬರಲಿ ಅಂದರು.

ಕೋಣೆಗೆ ಗೋಡೆಯೇ ಇಲ್ಲ, ಸುತ್ತ ಗಾಜು. ಹೊರಗೆ ಜೂನಿನ ಬೆಂಕಿ, ಒಳಗೆ ಯಂತ್ರ ಊದುವ ತಂಗಾಳಿ. ಒಂದು ಬಾಗಿಲು ದಾಟಿ ನಾವು ಜನವರಿಗೆ ಬಂದಿದ್ದೆವು. ಸಾಹೇಬ ಇನ್ನೂ ಹುಡುಗ, ತಲೆಗೂದಲು ಎಳೆ ಮೆಕ್ಕೆಜೋಳದ ತೆನೆಯ ಎಳೆಗಳ ಹಾಗೆ. ನಾನು ಒಳಗೆ ಕಾಲಿಟ್ಟ ಕೂಡಲೇ ಅವನು ಎದ್ದು ನಿಂತ. ಯಾರಿಗೋಸ್ಕರ ಎಂದು ನಾನು ಹಿಂದೆ ತಿರುಗಿ ನೋಡಿದೆ. ನನಗೋಸ್ಕರವೇ! ನಮ್ಮೂರ ಜಮೀನಿನ ಲೆಕ್ಕ ಬರೆಯುವ ಪಟವಾರಿ ಇಷ್ಟು ವರ್ಷದಲ್ಲಿ ನನ್ನನ್ನು ಕಂಡು ಹುಕ್ಕಾದ ನಳಿಗೆಯನ್ನೂ ಬಾಯಿಂದ ತೆಗೆದವನಲ್ಲ.

ಕೇಳಿದ. ದುಭಾಷಿ ಲಾಹೋರಿನ ಹೆಂಗಸು, ಒಳ್ಳೆಯವಳೇ, ಮೆತ್ತಗೆ ಕೇಳಿದಳು: "ನಿನ್ನ ಯಜಮಾನರ ಹೆಸರು ಹೇಳಮ್ಮಾ."

ಮುಸರ್ರತಳ ತುಟಿ ತೆರೆಯಿತು, ಮುಚ್ಚಿತು. ಮೇಜಿನ ಗಾಜಿನ ಮೇಲೆ ಒಂದು ಹನಿ ಬಿತ್ತು. ಸಾಹೇಬ ಕಾದ, ಬಹಳ ಹೊತ್ತು ಕಾದ, ಅದನ್ನು ನಾನು ಒಪ್ಪಬೇಕು. ಕೊನೆಗೆ ಅವನ ಕೈ ನಿಧಾನವಾಗಿ ಕಾಗದಗಳನ್ನು ಜೋಡಿಸಲು ಹೋಯಿತು. ಆ ಕೈ ನೋಡುತ್ತಿದ್ದ ಹಾಗೆ ನನಗೆ ಅರ್ಥವಾಯಿತು. ಆ ಕಟ್ಟು ಕಟ್ಟಿದರೆ ಮುಗಿಯಿತು. ನೀನು ಅಲ್ಲಿ ಹಗ್ಗದ ಮೇಲೆ, ಇವಳು ಇಲ್ಲಿ ನನ್ನ ಅಂಗಳದಲ್ಲಿ, ನನ್ನ ಹಾಗೆಯೇ, ಟಪಾಲಿನವನ ಗಂಟೆ ಕೇಳುತ್ತ ಮುದುಕಿಯಾಗುತ್ತಾಳೆ.

"ಸಾಹೇಬ್ರೇ, ಮೊದಲು ನನ್ನ ಗಂಡನ ಹೆಸರು ಕೇಳಿ," ಅಂದೆ.

ದುಭಾಷಿ ನಕ್ಕಳು. "ಬೇಬೆಜೀ, ವೀಸಾ ನಿಮಗಲ್ವಲ್ಲ."

"ಗೊತ್ತು ತಾಯಿ. ಕೊಟ್ಟರೂ ನಾನು ಬರಲ್ಲ. ಅವರ ದೇಶದಲ್ಲಿ ಬೇಸಿಗೇಲಿ ಹೊತ್ತೇ ಮುಳುಗಲ್ವಂತೆ, ರೋಜಾ ಉಪವಾಸ ಇಟ್ಟವಳು ಹಸಿವಿಗೇ ಹೋಗ್ತೀನಿ. ಸುಮ್ನೆ ಕೇಳೋಕೆ ಹೇಳು."

ಅವನು ಕೇಳಿದ. ನಾನು ಬಾಯಿ ತೆರೆದೆ.

ಬರಲಿಲ್ಲ ಮಗನೇ. ಢೋಕಿನಲ್ಲೇ ಉದ್ದ ನಾಲಿಗೆಯವಳು ಎಂದು ಹೆಸರು ಮಾಡಿದ ನಿನ್ನ ಬೇಬೆ, ಎಳೆಯ ಹುಡುಗನ ಮುಂದೆ ಬಾಯಿ ತೆರೆದು ಕೂತಳು. ತುಕ್ಕು ಹಿಡಿದ ಬೀಗದಲ್ಲಿ ಕೀಲಿ ತಿರುಗಿಸಿದ ಹಾಗೆ ಗಂಟಲಲ್ಲಿ ಏನೋ ಕರಕರ ಅಂದಿತು. ಆಮೇಲೆ ಬಂತು.

"ಮೆಹರ್ಬಾನ್."

ಆ ದನಿ ನನ್ನದಲ್ಲ. ಮದುವೆಯಾಗಿ ಬಂದ ಹುಡುಗಿಯೊಬ್ಬಳದು. ಹೆಸರಿಗೆ ವಯಸ್ಸೇ ಆಗಿರಲಿಲ್ಲ. ನನ್ನ ಹಲ್ಲು ಬಿದ್ದು, ಕೂದಲು ಬೆಳ್ಳಗಾಗಿ, ಮೊಮ್ಮಗನ ಮದುವೆಯಾಗಿ, ಒಳಗೆ ಆ ಹೆಸರು ಮಾತ್ರ ಇಟ್ಟ ಹಾಗೇ ಇತ್ತು. ಅವರು ಹೊರಟ ದಿನ ನಿಂತಿದ್ದ ಹಾಗೆ ಗಾಜಿನ ಬಾಗಿಲಲ್ಲಿ ನಿಂತರು. ಹೆಗಲ ಮೇಲೆ ಚಾದರ. ಹೊಸ ಚಪ್ಪಲಿಗೆ ಧೂಳಾಗುತ್ತದೆಂದು ಅದನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ.

"ಅವರು ಎಲ್ಲಿದ್ದಾರೆ?" ಎಂದು ಕೇಳಿಸಿದ ಸಾಹೇಬ.

ನಾನು ಹುಡುಗಿಯ ಕಡೆ ತಿರುಗಿದೆ. "ನೋಡು ಮಗಳೇ. ನಿನ್ನಮ್ಮ ಕೂಗಿದಳು, ಹೊಳೆ ತಗೊಂಡು ಹೋಯ್ತು. ನಾನು ಒಂದು ಸಲವೂ ಕೂಗಲಿಲ್ಲ, ಸಮುದ್ರ ತಗೊಂಡು ಹೋಯ್ತು. ನೀರು ನಮ್ಮ ಬಾಯಿ ನೋಡ್ಕೊಂಡು ಕೆಲಸ ಮಾಡಲ್ಲ ಕಣೇ."

ಸಮುದ್ರ ತಗೊಂಡು ಹೋಯ್ತು. ಈ ಮಾತನ್ನು ನಾನು ನಿನ್ನ ಅಬ್ಬಾನಿಗೂ ಹೇಳಿದವಳಲ್ಲ. ದುಭಾಷಿ ಅದನ್ನು ಮೆಲ್ಲಗೆ ಅವನಿಗೆ ಹೇಳಿದಳು. ಸಾಹೇಬ ಲೇಖನಿ ಕೆಳಗಿಟ್ಟ. ಯಂತ್ರದ ಗಾಳಿಗೆ ನನ್ನ ಬಳೆಗಳು ತಣ್ಣಗಾಗಿದ್ದು ನನಗೆ ಆಗ ಗೊತ್ತಾಯಿತು.

"ರಫಾಕತ್," ಅಂದಳು ಮುಸರ್ರತ್.

ಕಣ್ಣು ಮುಚ್ಚಿಕೊಂಡು ಅಂದಳು. ಎಲ್ಲಾದರೂ ಏನಾದರೂ ಬಿದ್ದ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟಳು. ಬರಲಿಲ್ಲ. ಕಣ್ಣು ತೆರೆದಳು. "ರಫಾಕತ್ ಹುಸೇನ್," ಅಂದಳು. ಆಮೇಲೆ ಯಾರೂ ಕೇಳದೆಯೇ ಶುರು ಮಾಡಿದಳು. "ಎಡಗಿವಿ ಹಿಂದೆ ಮಚ್ಚೆ ಇದೆ. ಹಾಲಿನ ಕೆನೆ ಕಂಡ್ರೆ ಆಗಲ್ಲ. ನಿದ್ದೇಲಿ ಹಲ್ಲು ಕಡೀತಾರೆ..."

ನಾನು ಮೊಣಕೈಯಲ್ಲಿ ತಿವಿದೆ. "ಸಾಕು ಮಾರಾಯ್ತಿ, ಹಲ್ಲಿನ ವಿಷಯ ಸಾಹೇಬ್ರು ಕೇಳಿಲ್ಲ."

ಅವರು ಎಲ್ಲವನ್ನೂ ಬರೆದುಕೊಂಡರು. ಹಲ್ಲಿನದನ್ನೂ. ಉತ್ತರ ಟಪಾಲಿನಲ್ಲಿ ಬರುತ್ತದಂತೆ.

ರೈಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಿದ್ದೆ ಬಂದವಳ ಹಾಗೆ ನಾನು ಕಣ್ಣು ಮುಚ್ಚಿದ್ದೆ. ಓಡುವ ಹೊಲಗಳಿಗೆಲ್ಲ ನಿನ್ನ ಹೆಸರು ಹೇಳುತ್ತ ಬಂದಳು. ಗುಜರ್ ಖಾನಿನಲ್ಲಿ ಇಳಿಯುವಾಗ ಆ ದಾರಿಯ ಕಂಬಗಳಿಗೂ ನಿನ್ನ ಪರಿಚಯವಾಗಿತ್ತು.

ನಿನ್ನ ಬೇಬೆ,
ರೇಷಮ್ ಜಾನ್


ಢೋಕ್ ಬೇರಿ
೨೦ ಜುಲೈ ೧೯೭೭

ರಫಾಕತ್,

ಅಂದಿನಿಂದ ನಿನ್ನ ಕಾಗದವಿಲ್ಲ. ನಾನು ಬರೆದ ಎರಡಕ್ಕೂ ಉತ್ತರವಿಲ್ಲ. ಟಪಾಲಿನವನು ನಮ್ಮ ಮನೆ ಬಂದಾಗ ತಲೆ ಬಗ್ಗಿಸಿ ಸೈಕಲ್ ತುಳಿಯುತ್ತಾನೆ.

ಅವಳು ನನ್ನನ್ನು ಏನೂ ಕೇಳುವುದಿಲ್ಲ. ಕೇಳಿದರೆ ಬಯ್ದು ಬಾಯಿ ಮುಚ್ಚಿಸಬಹುದಿತ್ತು. ಸುಮ್ಮನೆ ನನ್ನ ಬಾಯನ್ನೇ ನೋಡುತ್ತಾಳೆ.

ಬರೆ. ಒಂದೇ ಸಾಲು ಬರೆ. ಬೈದಾದರೂ ಬರೆ.

ಬೇಬೆ


ಓಸ್ಲೊ
೧ ಆಗಸ್ಟ್ ೧೯೭೭

ಬೇಬೆ, ಬೇಬೆ, ನಾನು ಬದುಕಿದ್ದೇನೆ!

ಹೆಂಡತಿ ಬರಬೇಕಾದರೆ ಗಂಡನಿಗೆ ಸರಿಯಾದ ಮನೆ ಇರಬೇಕು ಅನ್ನುತ್ತಾರೆ ಇಲ್ಲಿ. ನಾವು ಹುಡುಗರೆಲ್ಲ ಒಟ್ಟಿಗಿದ್ದ ಕೋಣೆ ಬಿಟ್ಟು, ಊರಾಚೆ ಕಿಟಕಿಯಿರುವ ಒಂದು ಮನೆ ಹಿಡಿದೆ. ಹೊಸ ವಿಳಾಸ ಬರೆದು ಹಾಕಿದ ಕಾಗದ ಎಲ್ಲಿ ಕಳೆಯಿತೋ ನಿಮಗೆ ಸಿಕ್ಕಿಲ್ಲ. ನಿಮ್ಮ ಕಾಗದಗಳೆಲ್ಲ ಹಳೆಯ ಮನೆಯೊಡತಿಯ ಹತ್ತಿರ ಕೂತಿದ್ದವು. ನಿನ್ನೆ ಹೋಗಿ ತಂದೆ. ಟ್ರಾಮಿನಲ್ಲಿ ನಿಂತುಕೊಂಡೇ ಓದಿದೆ. ಇಳಿಯುವ ಜಾಗ ದಾಟಿ ಹೋಗಿತ್ತು.

ಅವಳಿಗೆ ಹೇಳಿ. ಅವಳು ನನ್ನ ಹೆಸರು ಹೇಳಿದ ಆ ಹೊತ್ತಿನಲ್ಲಿ ನಾನು ಹಡಗಿನ ನೆರಳಲ್ಲಿ ಕೂತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಿರಬೇಕು. ಏನೂ ಆಗಲಿಲ್ಲ. ಉಪ್ಪು ಕಡಿಮೆಯಾಗಿತ್ತು, ಅಷ್ಟೆ.

ವಕೀಲರು ಫೋನ್ ಮಾಡಿದ್ದರು. ವೀಸಾ ಆಯಿತು, ಬೇಬೆ.

ಹಡಗುಕಟ್ಟೆಯಲ್ಲಿ ಒಬ್ಬ ಮುದಿ ನಾವಿಕನಿದ್ದಾನೆ. ಅವನಿಗೆ ತಾತನ ವಿಷಯ ಹೇಳಿದೆ. ಆ ಯುದ್ಧದಲ್ಲಿ ಮುಳುಗಿದ ಹಡಗುಗಳ ಒಲೆಯ ಮುಂದೆಲ್ಲ ನಿಮ್ಮ ಕಡೆಯ ಹುಡುಗರೇ ಇದ್ದರು ಅಂದ. ಎಲ್ಲಿ ಎಂದು ಕೇಳಿದೆ. ಎದುರಿನ ನೀರಿಗೆ ಕೈ ತೋರಿಸಿದ. ಸಮುದ್ರಕ್ಕೆ ಬೇರೆ ಬೇರೆ ಹೆಸರಿಟ್ಟವರು ನಾವು, ನೀರು ಮಾತ್ರ ಒಂದೇ ಎಂದು ಟೋಪಿ ತೆಗೆದ.

ನಿಮ್ಮ ರಫಾಕತ್


ಢೋಕ್ ಬೇರಿ
೩೦ ಸೆಪ್ಟೆಂಬರ್ ೧೯೭೭

ಮಗನೇ,

ಈ ಕಾಗದ ಸೇರುವ ಮೊದಲೇ ಅವಳು ಸೇರಿರುತ್ತಾಳೆ. ಚೀಲದಲ್ಲಿರುವ ಪಿನ್ನಿ ಉಂಡೆ ನಾನು ಕಟ್ಟಿದ್ದು, ಗಟ್ಟಿಯಾಗಿದ್ದರೆ ಬಾಯಿ ಮುಚ್ಚಿಕೊಂಡು ತಿನ್ನು.

ವಿಮಾನ ನೋಡಿದೆ. ನಿನ್ನನ್ನು ಕಳಿಸುವಾಗ ಕಣ್ಣೀರಲ್ಲಿ ಏನೂ ಕಂಡಿರಲಿಲ್ಲ. ಈ ಸಲ ಕಣ್ಣು ಒರೆಸಿಕೊಂಡು ನೋಡಿದೆ. ಅಷ್ಟು ಕಬ್ಬಿಣ! ಒಳಗೆ ಎಷ್ಟೋ ಮನೆಗಳ ಸೊಸೆಯಂದಿರು, ಕೈಯಲ್ಲಿ ಮದರಂಗಿ, ಮಡಿಲಲ್ಲಿ ಉಪ್ಪಿನಕಾಯಿ ಡಬ್ಬಿ. ಓಡಿತು, ಓಡಿತು, ಆಮೇಲೆ ನೆಲ ತಾನೇ ಕೈಬಿಟ್ಟಂತೆ ಮೇಲೆದ್ದಿತು. ಕಂಬಿಯ ಬೇಲಿಗೆ ಆತು ನಿಂತಿದ್ದ ಮುದುಕಿಯರೆಲ್ಲ ಒಂದೇ ಸಲ ತಲೆಯೆತ್ತಿದೆವು. ಅದು ಹೋದ ಮೇಲೂ ಆಕಾಶದಲ್ಲಿ ಅದರ ಜಾಗ ಕಾಣುತ್ತಲೇ ಇತ್ತು. ನಿನ್ನ ಅಬ್ಬಾ ಬಂದು ತೋಳು ಹಿಡಿದು ಕರೆದುಕೊಂಡು ಹೋದ.

ಹುಡುಗಿಗೆ ಒಂದು ಕೆಲಸ ಹೇಳಿ ಕಳಿಸಿದ್ದೇನೆ. ನೀನು ನಗಬಾರದು. ಅವಳನ್ನು ಒಂದು ಸಲ ಆ ನೀರಿನ ಅಂಚಿಗೆ ಕರೆದುಕೊಂಡು ಹೋಗು. ನಾನು ಹೇಳಿದ್ದು ಗಾಜಿನ ಕೋಣೆಯೊಳಗೆ. ಅದು ಸಮುದ್ರಕ್ಕೆ ಕೇಳಿಸಿರಲಾರದು.

ನಿನ್ನ ಬೇಬೆ,
ರೇಷಮ್ ಜಾನ್


ಢೋಕ್ ಬೇರಿ
೧೫ ಜನವರಿ ೧೯೭೮

ಮಗಳೇ ಮುಸರ್ರತ್,

ನಿನ್ನ ಕಾಗದ ಬಂತು. ನಿನ್ನ ಅಕ್ಷರ ನನ್ನ ಅಕ್ಷರಕ್ಕಿಂತ ಚೆನ್ನಾಗಿದೆ, ಅದಕ್ಕಾಗಿ ಬೀಗಬೇಡ.

ನೀರೂ ಬೆಳ್ಳಗೆ, ಆಕಾಶವೂ ಬೆಳ್ಳಗೆ, ನಡುವೆ ಗೆರೆಯೇ ಇರಲಿಲ್ಲ ಎಂದು ಬರೆದಿದ್ದೀಯ. ನೀನು ಕೈಯನ್ನು ಬಾಯಿಗಿಟ್ಟು ಮೆಹರ್ಬಾನ್ ಎಂದು ಕೂಗಿದೆ. ಮತ್ತೂ ಕೂಗಿದೆ. ಒಂದು ಬಿಳಿಯ ಹಕ್ಕಿ ಎದ್ದು ಹೋಯಿತು. ಯಾರೂ ತಿರುಗಿ ನೋಡಲಿಲ್ಲ. ಈ ಕೊನೆಯ ಸಾಲನ್ನು ಬರೆದು ಹೊಡೆದು ಹಾಕಿದ್ದೀಯ. ನನಗೆ ನೋವಾದೀತೆಂದು ತಾನೇ? ಹೊಡೆದದ್ದರ ಕೆಳಗೂ ಕಾಣುತ್ತದೆ, ಹುಚ್ಚಿ.

ನಾನು ಆ ಸಾಲನ್ನು ಬಿಸಿಲಲ್ಲಿ ಕೂತು ಬಹಳ ಹೊತ್ತು ನೋಡಿದೆ. ಹೆಸರು ಹಿಡಿದು ಕರೆದರೆ ಬದುಕಿರುವವನು ತಿರುಗುತ್ತಾನೆ. ನಿನ್ನಪ್ಪ ಸಾಯುವ ಗಳಿಗೆಯಲ್ಲೂ ತಿರುಗಿದ, ನಕ್ಕ. ನಿನ್ನಮ್ಮ ಅವನನ್ನು ಕೊಲ್ಲಲಿಲ್ಲ ಮಗಳೇ, ಅವನ ಕೊನೆಯ ನಗುವನ್ನು ನಿನಗೆ ತೋರಿಸಿದಳು. ನನ್ನವರನ್ನು ಮಾತ್ರ ಇಷ್ಟು ವರ್ಷ ಯಾರೂ ಕರೆದೇ ಇರಲಿಲ್ಲ. ಕರೆಯದೆಯೇ ಅವರು ತಿರುಗಲಿಲ್ಲ ಎಂದು ಹೇಗೆ ಹೇಳುವುದು? ಈಗ ಕರೆದಾಯಿತು. ತಿರುಗಲಿಲ್ಲ. ಈಗ ನನಗೆ ತಿಳಿಯಿತು.

ಬಳೆ ನಾನೇ ತೆಗೆದೆ. ಒಡೆಯಲಿಲ್ಲ. ಸೋಪಿನ ನೀರಿಗೆ ಕೈಯಿಟ್ಟು ಒಂದೊಂದಾಗಿ ಜಾರಿಸಿದೆ. ಇಡಿಯಾಗಿಯೇ ಇವೆ, ನೀನು ಬಂದಾಗ ತೊಟ್ಟುಕೋ. ಸಬಾತ ಅಂಗಳದ ಆಚೆ ನಿಂತು ಸಣ್ಣ ಹುಡುಗನ ಹಾಗೆ ಅತ್ತ. ತನ್ನ ಅಪ್ಪನಿಗಾಗಿ ಅಳಲು ಅವನಿಗೆ ಇಷ್ಟು ವರ್ಷ ನಾನು ಬಿಟ್ಟಿರಲಿಲ್ಲವಲ್ಲ.

ಅತ್ತಾದ ಮೇಲೆ ಇ‌ನ್ನೊಂದು ಶುರುವಾಗಿದೆ. ದಿನಾ ಬೆಳಿಗ್ಗೆ ಹಾಲು ಕರೆಯುವಾಗ ಅವರನ್ನು ಹೆಸರು ಹಿಡಿದು ಬೈಯುತ್ತೇನೆ. "ಏ ಮೆಹರ್ಬಾನ್, ಹೊಸ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋದೆಯಲ್ಲೋ, ಒಂದು ದಿನವಾದರೂ ಮೆಟ್ಟಿದೆಯಾ?" ಎಮ್ಮೆ ಕಿವಿ ನಿಮಿರಿಸುತ್ತದೆ. ಏನು ಸುಖ ಇದು! ಊರಿಗೆಲ್ಲ ಬೈದೆ, ಬೈಯಬೇಕಾದ ಒಬ್ಬನನ್ನೇ ಬಿಟ್ಟಿದ್ದೆ. ನೀನೂ ಅಭ್ಯಾಸ ಮಾಡಿಕೋ. ರಫಾಕತನನ್ನು ಹೆಸರು ಹಿಡಿದು ಗಟ್ಟಿಯಾಗಿ ಕರೆ, ಹಗ್ಗದ ಮೇಲಿದ್ದರೂ ಕರೆ. ಅವನು ತಿರುಗಲಿ.

ನಿಮ್ಮ ಬೇಬೆ,
ಮೆಹರ್ಬಾನನ ಹೆಂಡತಿ ರೇಷಮ್ ಜಾನ್